ತಾಪಮಾನ ಪರಿವರ್ತನೆ: ಆ 32 ಯಾವಾಗ ಬೇಕು, ಯಾವಾಗ ಬೇಡ

ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್‌ಗೆ ಬದಲಿಸುವ ಸೂತ್ರ ಶಾಲೆಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಅರೆಬರೆಯಾದರೂ ನೆನಪಿರುತ್ತದೆ. 1.8ರಿಂದ ಗುಣಿಸು, 32 ಕೂಡಿಸು, ಮುಗಿಯಿತು. ಆದರೂ ಭೂಮಿಯ ಸರಾಸರಿ ತಾಪಮಾನ 2 ಡಿಗ್ರಿ ಸೆಲ್ಸಿಯಸ್ ಏರುವ ಮಾತು ಬಂದಾಗ, ಅದನ್ನು ‘35.6 ಡಿಗ್ರಿ ಫ್ಯಾರನ್‌ಹೀಟ್ ಏರಿಕೆ’ ಎಂದು ಬರೆದುಬಿಡುವುದು ಬಹಳ ಸುಲಭ. ಸೂತ್ರ ಸರಿಯಾಗಿಯೇ ಇದೆ, ಗುಣಾಕಾರವೂ ಸರಿಯಾಗಿದೆ. ಆದರೆ ಉತ್ತರ ಮಾತ್ರ ಹತ್ತು ಪಟ್ಟು ಉಬ್ಬಿಕೊಂಡಿದೆ. ಸರಿಯಾದ ಉತ್ತರ 3.6 ಡಿಗ್ರಿ. ಆ 32ಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ತಾಪಮಾನ ಪರಿವರ್ತನೆಯಲ್ಲಿ ನಡೆಯುವ ತಪ್ಪುಗಳಲ್ಲಿ ಬಹುಪಾಲು ಇದೇ ಜಾತಿಯವು. ಲೆಕ್ಕ ಶುರುಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೈಯಲ್ಲಿರುವ ಸಂಖ್ಯೆ ಮಾಪಕದ ಮೇಲಿನ ಒಂದು ಸ್ಥಾನವೋ, ಎರಡು ಸ್ಥಾನಗಳ ನಡುವಿನ ಅಂತರವೋ? ‘ನೀರು 25 ಡಿಗ್ರಿಯಲ್ಲಿದೆ’ ಎಂದರೆ ಸ್ಥಾನ. ‘ನೀರು 25 ಡಿಗ್ರಿ ಬಿಸಿಯಾಯಿತು’ ಎಂದರೆ ಅಂತರ. ಮೊದಲನೆಯದು ಫ್ಯಾರನ್‌ಹೀಟ್‌ನಲ್ಲಿ 77, ಎರಡನೆಯದು 45. ಸಂಖ್ಯೆ ಒಂದೇ ಇದ್ದರೂ ಉತ್ತರ ಬೇರೆ.

ಸೊನ್ನೆಗಳು ಎಲ್ಲಿಂದ ಬಂದವು

ಒಂದು ಮಾಪಕ ಇನ್ನೊಂದರಿಂದ ಎರಡೇ ವಿಷಯಗಳಲ್ಲಿ ಬೇರೆಯಾಗುತ್ತದೆ: ಸೊನ್ನೆಯನ್ನು ಎಲ್ಲಿಟ್ಟರು, ಒಂದು ಡಿಗ್ರಿಯನ್ನು ಎಷ್ಟು ದೊಡ್ಡದು ಮಾಡಿದರು. ಸೂತ್ರದ ಕೂಡುವ ಭಾಗ ಮೊದಲನೆಯದರಿಂದ ಬರುತ್ತದೆ, ಗುಣಿಸುವ ಭಾಗ ಎರಡನೆಯದರಿಂದ.

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ 1724ರಲ್ಲಿ ತಮ್ಮ ಮಾಪಕವನ್ನು ವಿವರಿಸಿದಾಗ ಮೂರು ಗುರುತುಗಳನ್ನು ಹೇಳಿದ್ದರು. ಮಂಜುಗಡ್ಡೆ, ನೀರು ಮತ್ತು ಲವಣದ ಮಿಶ್ರಣದ ತಣ್ಪು 0. ಬರೀ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣ 32. ಆರೋಗ್ಯವಂತನ ಮೈಬಿಸಿ 96. ಈ ಸಂಖ್ಯೆಗಳು ವಿಚಿತ್ರವಾಗಿ ಕಂಡರೂ 32ರಿಂದ 96ರವರೆಗಿನ ಅಂತರ 64 ಎಂಬುದನ್ನು ಗಮನಿಸಿ. ಅರ್ಧ, ಅರ್ಧದಲ್ಲಿ ಅರ್ಧ ಎಂದು ಆರು ಸಲ ಭಾಗ ಮಾಡಿದರೆ ಒಂದೊಂದು ಡಿಗ್ರಿಯ ಗೆರೆ ಸಿಗುತ್ತದೆ. ಗಾಜಿನ ಕೊಳವೆಯ ಮೇಲೆ ಕೈಯಿಂದ ಗೆರೆ ಹಾಕುವವರಿಗೆ ಇದು ಅನುಕೂಲ. ಮುಂದೆ ನೀರಿನ ಕುದಿಬಿಂದುವನ್ನು 212ಕ್ಕೆ ಕಟ್ಟಿಹಾಕಲಾಯಿತು. ಘನೀಭವನಕ್ಕೂ ಕುದಿತಕ್ಕೂ ನಡುವೆ ಸರಿಯಾಗಿ 180 ಡಿಗ್ರಿ ಬಂತು, ಮೈಬಿಸಿಯ ಗುರುತು 96ರಿಂದ ಸರಿದು 98ರ ಆಚೆ ಹೋಯಿತು.

ಸ್ವೀಡನ್ನಿನ ಆ್ಯಂಡರ್ಸ್ ಸೆಲ್ಸಿಯಸ್ 1742ರಲ್ಲಿ ಅದೇ ಎರಡು ಬಿಂದುಗಳ ನಡುವೆ 100 ಭಾಗ ಮಾಡಿದರು. ಆದರೆ ಅವರ ಮೂಲ ಮಾಪಕ ಇಂದಿನದರ ತಲೆಕೆಳಗು: ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100. 1744ರಲ್ಲಿ ಅವರು ತೀರಿಕೊಂಡ ಸ್ವಲ್ಪ ಕಾಲದಲ್ಲೇ ಅದನ್ನು ತಿರುಗಿಸಿ ಬಳಸತೊಡಗಿದರು. ಅದಕ್ಕಿದ್ದ ‘ಸೆಂಟಿಗ್ರೇಡ್’ ಎಂಬ ಹೆಸರನ್ನು 1948ರಲ್ಲಿ ಅಧಿಕೃತವಾಗಿ ‘ಸೆಲ್ಸಿಯಸ್’ ಎಂದು ಬದಲಿಸಲಾಯಿತು. ಹಳೆಯ ಪುಸ್ತಕದಲ್ಲಿ ಸೆಂಟಿಗ್ರೇಡ್ ಎಂದು ಕಂಡರೆ ದಿನಬಳಕೆಯ ಲೆಕ್ಕಕ್ಕೆ ಏನೂ ಬದಲಿಸಬೇಕಿಲ್ಲ.

ಒಂದೇ ಅಂತರವನ್ನು ಒಬ್ಬರು 180 ತುಂಡು ಮಾಡಿದರು, ಇನ್ನೊಬ್ಬರು 100 ತುಂಡು. ಆದ್ದರಿಂದ ಸೆಲ್ಸಿಯಸ್‌ನ ಒಂದು ಡಿಗ್ರಿ ಎಂದರೆ ಫ್ಯಾರನ್‌ಹೀಟ್‌ನ 1.8 ಡಿಗ್ರಿ. ಸೆಲ್ಸಿಯಸ್‌ನ ಸೊನ್ನೆ ಇರುವಲ್ಲಿ ಫ್ಯಾರನ್‌ಹೀಟ್ 32 ತೋರಿಸುತ್ತದೆ. ಸೂತ್ರ ಇಷ್ಟರಲ್ಲೇ ಹುಟ್ಟಿಬಿಡುತ್ತದೆ (ಇಲ್ಲಿಂದ ಮುಂದೆ ಸೆ, ಫ್ಯಾ, ಕೆ ಎಂಬ ಕಿರುರೂಪಗಳನ್ನು ಬಳಸೋಣ):

ಫ್ಯಾ = ಸೆ × 1.8 + 32
ಸೆ = (ಫ್ಯಾ − 32) ÷ 1.8

ಎರಡನೆಯದರಲ್ಲಿ ಆವರಣ ಚಿಹ್ನೆ ಅಲಂಕಾರಕ್ಕಲ್ಲ. ಮೊದಲು 32 ಕಳೆಯಬೇಕು, ಆಮೇಲೆ ಭಾಗಿಸಬೇಕು. 212ನ್ನು ಹೀಗೆ ಮಾಡಿದರೆ 180 ÷ 1.8 = 100. ಆವರಣ ಬಿಟ್ಟು ಕ್ಯಾಲ್ಕುಲೇಟರ್‌ಗೆ ಕೊಟ್ಟರೆ ಅದು ಮೊದಲು 32 ÷ 1.8 ಮಾಡಿ, ಬಂದ 17.8ನ್ನು 212ರಿಂದ ಕಳೆದು 194.2 ಎಂದು ತೋರಿಸುತ್ತದೆ. ಕುದಿಯುವ ನೀರಿಗೆ 194 ಬಂದರೆ ಯಾರಿಗಾದರೂ ತಪ್ಪು ಗೊತ್ತಾಗುತ್ತದೆ, ಅಪರಿಚಿತ ಸಂಖ್ಯೆಗಳಲ್ಲಿ ಗೊತ್ತಾಗುವುದಿಲ್ಲ.

ಕೆಲ್ವಿನ್ ಏಕೆ ಬೇಕಾಯಿತು

ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್‌ನ ಸೊನ್ನೆಗಳು ಮನುಷ್ಯರು ತಮ್ಮ ಅನುಕೂಲಕ್ಕೆ ನೆಟ್ಟ ಕಲ್ಲುಗಳು. ಸೊನ್ನೆ ಡಿಗ್ರಿ ಎಂದರೆ ‘ಶಾಖವೇ ಇಲ್ಲ’ ಎಂದರ್ಥವಲ್ಲ. ಹಾಗಾಗಿ 20 ಡಿಗ್ರಿ ಸೆಲ್ಸಿಯಸ್ 10ರ ಎರಡರಷ್ಟು ಬಿಸಿ ಎಂದು ಹೇಳುವಂತಿಲ್ಲ. ಹೇಳಿದರೆ, ಅದನ್ನೇ ಫ್ಯಾರನ್‌ಹೀಟ್‌ಗೆ ಬದಲಿಸಿದಾಗ 68 ಮತ್ತು 50 ಆಗಿ, ಆ ‘ಎರಡರಷ್ಟು’ ಆವಿಯಾಗಿ ಹೋಗುತ್ತದೆ.

ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, 1848ರಲ್ಲಿ ಯಾವುದೇ ಒಂದು ವಸ್ತುವಿನ ಗುಣವನ್ನು ನೆಚ್ಚಿಕೊಳ್ಳದ ನಿರಪೇಕ್ಷ ಮಾಪಕವನ್ನು ಪ್ರಸ್ತಾಪಿಸಿದರು. ಇಂದಿನ ಕೆಲ್ವಿನ್ ಮಾಪಕದ ಸೊನ್ನೆ ನಿರಪೇಕ್ಷ ಶೂನ್ಯ, ಅಂದರೆ −273.15 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗೆ ತಣಿಯಲು ಜಾಗವಿಲ್ಲ. ಒಂದು ಕೆಲ್ವಿನ್‌ನ ಗಾತ್ರ ಮಾತ್ರ ಒಂದು ಸೆಲ್ಸಿಯಸ್ ಡಿಗ್ರಿಯಷ್ಟೇ. ಹಾಗಾಗಿ ಇಲ್ಲಿ ಗುಣಾಕಾರವೇ ಇಲ್ಲ:

ಕೆ = ಸೆ + 273.15

ಫ್ಯಾರನ್‌ಹೀಟ್‌ನಿಂದ ನೇರವಾಗಿ ಬೇಕಾದರೆ ಕೆ = (ಫ್ಯಾ + 459.67) ÷ 1.8. ಆ 459.67 ಎಂಬುದು 273.15 × 1.8 − 32 ಅಷ್ಟೇ, ಹೊಸದೇನಲ್ಲ. ಎರಡು ಹಂತಗಳಲ್ಲಿ, ಮೊದಲು ಸೆಲ್ಸಿಯಸ್ ಆಮೇಲೆ ಕೆಲ್ವಿನ್ ಮಾಡುವುದೇ ಲೇಸು. ಒಂದು ಸಂಖ್ಯೆ ಕಡಿಮೆ ನೆನಪಿಟ್ಟರೆ ಸಾಕು.

ದಶಮಾಂಶದ ಆ 15 ಬೇಕೇ ಬೇಕೇ? ಕೋಣೆಯ ತಾಪಮಾನದಲ್ಲಿ 273 ಎಂದೇ ಬಳಸಿದರೆ ತಪ್ಪು ಸುಮಾರು ಶೇ 0.05. ಅನಿಲದ ಸಾಧಾರಣ ಲೆಕ್ಕಕ್ಕೆ ಇದು ನಡೆಯುತ್ತದೆ. ವಿಕಿರಣದ ಲೆಕ್ಕದಲ್ಲಿ ತಾಪಮಾನದ ನಾಲ್ಕನೇ ಘಾತ ಬರುವುದರಿಂದ ಅದೇ ತಪ್ಪು ಶೇ 0.2 ಆಗುತ್ತದೆ. ಅತಿ ಶೀತದ ಕೆಲಸದಲ್ಲಿ ಬಿಡುವಂತೆಯೇ ಇಲ್ಲ: 4 ಕೆಲ್ವಿನ್‌ನ ಆಸುಪಾಸಿನಲ್ಲಿ 0.15 ಎಂದರೆ ಶೇ 4ರ ಹತ್ತಿರ.

ಬರೆಯುವಾಗ ‘300 ಕೆಲ್ವಿನ್’ ಎನ್ನಬೇಕು, ‘300 ಡಿಗ್ರಿ ಕೆಲ್ವಿನ್’ ಅಲ್ಲ. 1967ರಲ್ಲಿ ಆ ಡಿಗ್ರಿಯನ್ನೂ ಅದರ ಸೊನ್ನೆಯ ಗುರುತನ್ನೂ ಕೈಬಿಡಲಾಯಿತು.

ಇನ್ನೊಂದು ಸೂಕ್ಷ್ಮ. ನೀರಿನ ಎರಡು ಬಿಂದುಗಳಿಂದ ಹುಟ್ಟಿದ ಮಾಪಕ ಈಗ ನೀರಿನ ಮೇಲೆ ನಿಂತಿಲ್ಲ. 1954ರಿಂದ ನೀರಿನ ತ್ರಿಬಿಂದುವನ್ನು, ಅಂದರೆ ಮಂಜು, ನೀರು, ಆವಿ ಮೂರೂ ಸಮತೋಲದಲ್ಲಿ ಒಟ್ಟಿಗೆ ಇರುವ ತಾಪಮಾನವನ್ನು, 273.16 ಕೆಲ್ವಿನ್ ಎಂದು ಗೊತ್ತುಮಾಡಿದ್ದರು. 2019ರ ಮೇ 20ರಿಂದ, ತಾಪಮಾನವನ್ನು ಶಕ್ತಿಯೊಂದಿಗೆ ಜೋಡಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕದ ಬೆಲೆಯನ್ನೇ ನಿಗದಿಪಡಿಸಿ ಕೆಲ್ವಿನ್ನನ್ನು ವ್ಯಾಖ್ಯಾನಿಸಲಾಗಿದೆ. ಈ ಬದಲಾವಣೆಗಳಿಂದಾಗಿ 100 ಈಗ ಕುದಿಬಿಂದುವಿನ ವ್ಯಾಖ್ಯೆಯಾಗಿ ಉಳಿದಿಲ್ಲ. 1990ರ ಅಂತರರಾಷ್ಟ್ರೀಯ ತಾಪಮಾನ ಮಾಪಕದ ಪ್ರಕಾರ ಒಂದು ವಾತಾವರಣದ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 99.974 ಡಿಗ್ರಿಯಲ್ಲಿ. ದಿನನಿತ್ಯಕ್ಕೆ ಇದು ಬೇಡ. ಆದರೆ 100ಕ್ಕೂ 212ಕ್ಕೂ ಗಂಟು ಹಾಕಿರುವುದು ನೀರಲ್ಲ, ಸೂತ್ರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅನುಪಾತ ಬಂದಲ್ಲಿ ನಿರಪೇಕ್ಷ ಮಾಪಕವೇ ಬೇಕು

ಗಟ್ಟಿ ಪಾತ್ರೆಯೊಂದರಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನಿಲದ ನಿರಪೇಕ್ಷ ಒತ್ತಡ 300 ಕಿಲೋಪಾಸ್ಕಲ್ ಇದೆ ಎನ್ನೋಣ. ಅದನ್ನು 50 ಡಿಗ್ರಿಗೆ ಕಾಯಿಸಿದರೆ ಒತ್ತಡವೆಷ್ಟು? ಗಾತ್ರ ಬದಲಾಗದಿದ್ದರೆ ಒತ್ತಡ ತಾಪಮಾನದ ಅನುಪಾತದಲ್ಲಿ ಏರುತ್ತದೆ. ಸೆಲ್ಸಿಯಸ್ಸನ್ನೇ ತುಂಬಿ 300 × 50 ÷ 20 ಎಂದರೆ 750 ಬರುತ್ತದೆ. ಪಾತ್ರೆ ಒಡೆದೇ ಹೋಗುತ್ತದೆ ಎಂದು ಹೆದರಬೇಕಾಗುತ್ತದೆ. ಕೆಲ್ವಿನ್‌ನಲ್ಲಿ 300 × 323.15 ÷ 293.15, ಅಂದರೆ ಸುಮಾರು 331. ಅದೇ ತಪ್ಪನ್ನು ಫ್ಯಾರನ್‌ಹೀಟ್‌ನಲ್ಲಿ ಮಾಡಿದರೆ 122 ÷ 68ರ ಲೆಕ್ಕದಲ್ಲಿ 538 ಬರುತ್ತದೆ. ಒಂದೇ ಪಾತ್ರೆಗೆ ಮಾಪಕಕ್ಕೊಂದು ಉತ್ತರ ಬರುತ್ತಿದೆ ಎಂದರೆ ಲೆಕ್ಕದ ಬುಡದಲ್ಲೇ ದೋಷವಿದೆ.

ಫ್ಯಾರನ್‌ಹೀಟ್ ಬಳಸುವ ಎಂಜಿನಿಯರುಗಳಿಗೂ ಇದೇ ತೊಡಕು ಇತ್ತು. ಅದಕ್ಕಾಗಿ ವಿಲಿಯಂ ರ‍್ಯಾಂಕಿನ್ 1859ರಲ್ಲಿ ಫ್ಯಾರನ್‌ಹೀಟ್‌ನ ಡಿಗ್ರಿಯನ್ನೇ ಇಟ್ಟುಕೊಂಡು ಸೊನ್ನೆಯನ್ನು ನಿರಪೇಕ್ಷ ಶೂನ್ಯಕ್ಕೆ ಸರಿಸಿದ ಮಾಪಕ ಕೊಟ್ಟರು. ಫ್ಯಾರನ್‌ಹೀಟ್‌ಗೆ 459.67 ಕೂಡಿಸಿದರೆ ರ‍್ಯಾಂಕಿನ್. ನೀರು ಹೆಪ್ಪುಗಟ್ಟುವುದು ಅದರಲ್ಲಿ 491.67. ಕೆಲ್ವಿನ್‌ಗೂ ರ‍್ಯಾಂಕಿನ್‌ಗೂ ಸೊನ್ನೆ ಒಂದೇ ಆದ್ದರಿಂದ ಇವೆರಡರ ನಡುವೆ ಬರೀ 1.8ರ ಗುಣಾಕಾರ, ಕೂಡುವ ಗೋಜೇ ಇಲ್ಲ. ಅಮೆರಿಕದ ಹಳೆಯ ಎಂಜಿನಿಯರಿಂಗ್ ಕೋಷ್ಟಕಗಳಲ್ಲಿ ಇದು ಕಾಣುತ್ತದೆ. ಅಲ್ಲಿ ಬರೀ ‘ಆರ್’ ಎಂಬ ಅಕ್ಷರ ಕಂಡರೆ ರೋಮರ್ ಅಥವಾ ರೆಯೊಮ್ಯೂರ್ ಎಂದು ಭ್ರಮಿಸಬೇಡಿ. ಅವು ಯುರೋಪಿನಲ್ಲಿದ್ದ ಬೇರೆ ಮಾಪಕಗಳು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಫ್ರೆಂಚರ ರೆಯೊಮ್ಯೂರ್ ಮಾಪಕ ಘನೀಭವನಕ್ಕೆ 0, ಕುದಿತಕ್ಕೆ 80 ಇಟ್ಟಿತ್ತು. ಹಳೆಯ ಹವಾಮಾನ ದಾಖಲೆ ಓದುವವರು ಅದನ್ನು 1.25ರಿಂದ ಗುಣಿಸಿದರೆ ಸೆಲ್ಸಿಯಸ್ ಸಿಗುತ್ತದೆ.

ಅಂತರಗಳು ಎಲ್ಲೆಲ್ಲಿ ಅಡಗಿರುತ್ತವೆ

‘ಏರಿಕೆ’, ‘ಇಳಿಕೆ’, ‘ಹೆಚ್ಚಳ’, ‘ವ್ಯತ್ಯಾಸ’ ಎಂಬ ಪದಗಳಿದ್ದರೆ ಅದು ಅಂತರವೆಂದು ತಿಳಿಯುವುದು ಸುಲಭ. 1.8ರಿಂದ ಗುಣಿಸಿ ಸುಮ್ಮನಾಗಬೇಕು. 1.5 ಡಿಗ್ರಿ ಸೆಲ್ಸಿಯಸ್ ಏರಿಕೆ ಎಂದರೆ 2.7 ಡಿಗ್ರಿ ಫ್ಯಾರನ್‌ಹೀಟ್ ಏರಿಕೆ. ಕೆಲ್ವಿನ್‌ಗೆ ಹೋಗುವಾಗ ಅದೂ ಬೇಡ: 1.5 ಡಿಗ್ರಿ ಸೆಲ್ಸಿಯಸ್ ಏರಿಕೆ 1.5 ಕೆಲ್ವಿನ್ ಏರಿಕೆಯೇ.

ಪದ ಇಲ್ಲದೆಯೂ ಅಂತರಗಳು ಬರುತ್ತವೆ, ಕಷ್ಟ ಇರುವುದು ಅಲ್ಲಿ. ಥರ್ಮಾಮೀಟರಿನ ಮೇಲಿನ ‘± 0.5 ಡಿಗ್ರಿ ಸೆಲ್ಸಿಯಸ್’ ಒಂದು ಅಂತರ. ಅದು ± 0.9 ಡಿಗ್ರಿ ಫ್ಯಾರನ್‌ಹೀಟ್ ಆಗುತ್ತದೆ, ± 32.9 ಅಲ್ಲ. ಅಂಕಿಅಂಶದ ಕೆಲಸದಲ್ಲಿ ಸರಾಸರಿ ಒಂದು ಸ್ಥಾನ. ಅದಕ್ಕೆ ಪೂರ್ಣ ಸೂತ್ರ ಹಾಕಬಹುದು. ಮೊದಲು ಸರಾಸರಿ ತೆಗೆದು ಬದಲಿಸಿದರೂ, ಮೊದಲು ಬದಲಿಸಿ ಸರಾಸರಿ ತೆಗೆದರೂ ಒಂದೇ. ಮಾನಕ ವಿಚಲನೆ, ಅಂದರೆ ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಮಾತ್ರ ಅಂತರ, ಅದಕ್ಕೆ ಬರೀ 1.8. ಅದರ ವರ್ಗವಾದ ವಿಚಲಕಕ್ಕೆ (ವೇರಿಯೆನ್ಸ್) 1.8ರ ವರ್ಗ, ಅಂದರೆ 3.24.

ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುವ ದರವನ್ನು ಪ್ರಮಾಣಿತ ವಾತಾವರಣದಲ್ಲಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಎಂದು ಹಿಡಿಯುತ್ತಾರೆ. ಇದು ಅಂತರದ ದರ. ಫ್ಯಾರನ್‌ಹೀಟ್‌ನಲ್ಲಿ ಕಿಲೋಮೀಟರಿಗೆ 11.7, ಸಾವಿರ ಅಡಿಗೆ ಬೇಕಾದರೆ 0.3048ರಿಂದ ಗುಣಿಸಿ, ಸುಮಾರು 3.57.

ಡಿಗ್ರಿ ಛೇದದಲ್ಲಿ ಕುಳಿತಾಗ ದಿಕ್ಕು ತಿರುಗುತ್ತದೆ. ಒಂದು ಮೀಟರ್ ಉಕ್ಕಿನ ಸರಳು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತದೆ. ಪ್ರತಿ ಡಿಗ್ರಿ ಫ್ಯಾರನ್‌ಹೀಟ್‌ಗೆ ಎಷ್ಟು? ಆ ಡಿಗ್ರಿ ಚಿಕ್ಕದು, ಹಿಗ್ಗುವುದೂ ಕಡಿಮೆಯೇ ಇರಬೇಕು. ಹಾಗಾಗಿ 1.8ರಿಂದ ಭಾಗಿಸಬೇಕು: ಸುಮಾರು 6.7. ಗುಣಿಸಿ 21.6 ಮಾಡಿಕೊಂಡವರ ಲೆಕ್ಕ ಮೂರು ಪಟ್ಟಿಗಿಂತ ಹೆಚ್ಚು ದಾರಿ ತಪ್ಪುತ್ತದೆ. ವಿಶಿಷ್ಟ ಶಾಖ, ಉಷ್ಣವಾಹಕತೆ ಎಲ್ಲಕ್ಕೂ ಇದೇ ನಿಯಮ. ‘ಪ್ರತಿ ಕೆಲ್ವಿನ್‌ಗೆ’ ಮತ್ತು ‘ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ’ ಎಂಬವು ಮಾತ್ರ ಒಂದೇ, ಸಂಖ್ಯೆ ಮುಟ್ಟಬೇಕಾಗಿಲ್ಲ.

ಎರಡು ಬೇರೆ ಲೋಹದ ತಂತಿಗಳ ಜೋಡಣೆಯಲ್ಲಿ ಹುಟ್ಟುವ ವೋಲ್ಟೇಜಿನಿಂದ ತಾಪಮಾನ ಅಳೆಯುವ ಸಾಧನವಾದ ಥರ್ಮೋಕಪಲ್ ಬಳಸುವವರಿಗೆ ಇಲ್ಲಿ ಎರಡು ಬಲೆ. ‘ಕೆ’ ಟೈಪ್ ಥರ್ಮೋಕಪಲ್‌ನ ‘ಕೆ’ಗೂ ಕೆಲ್ವಿನ್‌ಗೂ ಸಂಬಂಧವಿಲ್ಲ, ಅದು ಬಳಸಿದ ಮಿಶ್ರಲೋಹಗಳ ಜೋಡಿಗೆ ಕೊಟ್ಟ ಅಕ್ಷರ. ಎರಡನೆಯದಾಗಿ, ಅದು ಅಳೆಯುವುದು ಬಿಸಿ ತುದಿ ಮತ್ತು ತಣ್ಣನೆ ತುದಿಗಳ ನಡುವಿನ ಅಂತರವನ್ನು. ಸಾಮಾನ್ಯ ತಾಪಮಾನದಲ್ಲಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೋವೋಲ್ಟ್, ಪ್ರತಿ ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು 23. ಉಪಕರಣವು ತಣ್ಣನೆ ತುದಿಯ ತಾಪಮಾನವನ್ನು ಬೇರೆಯಾಗಿ ಅಳೆದು ಸೇರಿಸಿದ ಮೇಲಷ್ಟೇ ಅಂತರ ಸ್ಥಾನವಾಗುತ್ತದೆ. 32 ಕೂಡಿಸುವ ಹಂತ ಬರುವುದು ಅದಾದ ಮೇಲೆ, ಅದಕ್ಕಿಂತ ಮುಂಚೆ ಅಲ್ಲ.

ತಲೆಯಲ್ಲೇ ಮಾಡುವುದು

1.8ರಿಂದ ಗುಣಿಸುವುದು ಬಾಯಿಲೆಕ್ಕಕ್ಕೆ ಒಗ್ಗದು. ಆದರೆ 1.8 ಎಂದರೆ 2ರಲ್ಲಿ ಅದರ ಹತ್ತನೇ ಒಂದು ಪಾಲು ಕಡಿಮೆ. ಆದ್ದರಿಂದ ಇಮ್ಮಡಿ ಮಾಡಿ, ಬಂದದ್ದರ ಹತ್ತನೇ ಒಂದನ್ನು ಕಳೆದು, 32 ಕೂಡಿಸಿ. 25ಕ್ಕೆ: 50, ಅದರಲ್ಲಿ 5 ಕಳೆದರೆ 45, 32 ಕೂಡಿದರೆ 77. ಇದು ಅಂದಾಜಲ್ಲ, ಪೂರ್ತಿ ನಿಖರ.

ತಿರುಗಿ ಬರುವಾಗ 32 ಕಳೆದು, ಅರ್ಧ ಮಾಡಿ, ಆ ಅರ್ಧಕ್ಕೆ ಅದರ ಹತ್ತನೇ ಒಂದು ಮತ್ತು ನೂರನೇ ಒಂದನ್ನು ಸೇರಿಸಿ. 100 ಡಿಗ್ರಿ ಫ್ಯಾರನ್‌ಹೀಟ್‌ಗೆ: 68, ಅರ್ಧ 34, ಅದಕ್ಕೆ 3.4 ಮತ್ತು 0.34 ಸೇರಿದರೆ 37.74. ನಿಖರ ಉತ್ತರ 37.78.

‘ಇಮ್ಮಡಿ ಮಾಡಿ 30 ಕೂಡಿಸು’ ಎಂಬ ಜನಪ್ರಿಯ ಸುಲಭೋಪಾಯವೂ ಇದೆ. ಅದರ ತಪ್ಪು ಎಷ್ಟೆಂದು ಕರಾರುವಾಕ್ಕಾಗಿ ಹೇಳಬಹುದು: ಸೆಲ್ಸಿಯಸ್‌ನ ಐದನೇ ಒಂದರಲ್ಲಿ 2 ಕಡಿಮೆ. 10 ಡಿಗ್ರಿಯಲ್ಲಿ ತಪ್ಪೇ ಇಲ್ಲ, 20ರಲ್ಲಿ 2, 40ರಲ್ಲಿ 6, 100ರಲ್ಲಿ 18. ಹವಾಮಾನದ ಮಾತಿಗೆ ಸಾಕು. ಜ್ವರಕ್ಕೆ ಖಂಡಿತ ಬೇಡ: 38ಕ್ಕೆ ಅದು 106 ಎನ್ನುತ್ತದೆ, ನಿಜವಾದದ್ದು 100.4.

ಏಣಿ ಹತ್ತಿದ ಹಾಗೆ ಹೋಗುವವರು 5ಕ್ಕೆ 9 ಎಂಬುದನ್ನು ಹಿಡಿದುಕೊಳ್ಳಬಹುದು. 0ಕ್ಕೆ 32, 5ಕ್ಕೆ 41, 10ಕ್ಕೆ 50, 15ಕ್ಕೆ 59, 20ಕ್ಕೆ 68, 25ಕ್ಕೆ 77, 30ಕ್ಕೆ 86, 35ಕ್ಕೆ 95, 40ಕ್ಕೆ 104. ನಡುವಿನವುಗಳಿಗೆ ಡಿಗ್ರಿಗೊಂದು 1.8 ಸೇರಿಸುತ್ತ ಹೋದರಾಯಿತು. ಅಂಕಿ ತಿರುಗಿಸಿ ನೆನಪಿಡುವ ಜೋಡಿಗಳೂ ಇವೆ: 16ಕ್ಕೆ 61, 28ಕ್ಕೆ 82. ನಿಖರವಾಗಿ ಅವು 60.8 ಮತ್ತು 82.4.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಚೆಂದದ್ದು 40ರ ವಿಧಾನ. ಎರಡೂ ಮಾಪಕಗಳು −40ರಲ್ಲಿ ಒಂದೇ ಸಂಖ್ಯೆ ತೋರಿಸುತ್ತವೆ. ಅಲ್ಲಿಂದ ಅಳೆದರೆ ಕೂಡುವ ಭಾಗ ಮಾಯವಾಗಿ ಬರೀ ಗುಣಾಕಾರ ಉಳಿಯುತ್ತದೆ. ಎರಡೂ ದಿಕ್ಕಿಗೂ ಕ್ರಮ ಒಂದೇ: 40 ಕೂಡಿಸಿ, ಗುಣಿಸಿ ಅಥವಾ ಭಾಗಿಸಿ, 40 ಕಳೆಯಿರಿ. 25 ಸೆಲ್ಸಿಯಸ್: 65, 1.8ರಿಂದ ಗುಣಿಸಿದರೆ 117, 40 ಕಳೆದರೆ 77. ಹಿಂದಕ್ಕೆ: 77, 117, 1.8ರಿಂದ ಭಾಗಿಸಿದರೆ 65, 40 ಕಳೆದರೆ 25. 32ನ್ನು ಮೊದಲು ಕಳೆಯಬೇಕೋ ಆಮೇಲೆ ಕೂಡಬೇಕೋ ಎಂಬ ಗೊಂದಲವೇ ಹುಟ್ಟುವುದಿಲ್ಲ.

ಸೊನ್ನೆಯ ಕೆಳಗಿನ ಸಂಖ್ಯೆಗಳಲ್ಲಿ ಋಣಚಿಹ್ನೆ ಜಾರದಂತೆ ನೋಡಿಕೊಳ್ಳಿ. −15 ಸೆಲ್ಸಿಯಸ್: −27, 32 ಕೂಡಿದರೆ 5. ಸೆಲ್ಸಿಯಸ್‌ನಲ್ಲಿ ಋಣ, ಫ್ಯಾರನ್‌ಹೀಟ್‌ನಲ್ಲಿ ಧನ; ಇದು ಸರಿಯೇ. ಫ್ಯಾರನ್‌ಹೀಟ್ 0ಯಿಂದ 32ರವರೆಗಿನ ಪಟ್ಟಿಯೆಲ್ಲ ಸೆಲ್ಸಿಯಸ್‌ನಲ್ಲಿ ಸೊನ್ನೆಗಿಂತ ಕೆಳಗೇ ಇರುತ್ತದೆ.

ಇಲ್ಲದ ನಿಖರತೆ

ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಶ್ 1868ರಲ್ಲಿ ಮೈಬಿಸಿಯ ಸಾಮಾನ್ಯ ಮಟ್ಟವನ್ನು 37 ಡಿಗ್ರಿ ಸೆಲ್ಸಿಯಸ್ ಎಂದು ಪ್ರಸಿದ್ಧಗೊಳಿಸಿದರು. ಅದೊಂದು ದುಂಡನೆಯ ಸಂಖ್ಯೆ. ಫ್ಯಾರನ್‌ಹೀಟ್‌ಗೆ ಬದಲಿಸಿದ ಕೂಡಲೇ 98.6 ಆಗಿ, ಹತ್ತನೇ ಒಂದು ಡಿಗ್ರಿಯವರೆಗೆ ಯಾರೋ ಕೂತು ಅಳೆದ ಹಾಗೆ ಕಾಣತೊಡಗಿತು. 98.4 ಬಂದರೆ ಕಡಿಮೆ, 98.8 ಬಂದರೆ ಹೆಚ್ಚು ಎಂಬ ಆತಂಕಕ್ಕೆ ಮೂಲ ಅಳತೆಯಲ್ಲಿ ಆಧಾರವಿಲ್ಲ. ಆರೋಗ್ಯವಂತರಲ್ಲೇ ಮೈಬಿಸಿ ದಿನದ ಹೊತ್ತಿನೊಂದಿಗೆ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಅದೇ ರೀತಿ ‘ಸುಮಾರು 1000 ಡಿಗ್ರಿ ಸೆಲ್ಸಿಯಸ್’ ಎಂಬುದನ್ನು ‘ಸುಮಾರು 1832 ಡಿಗ್ರಿ ಫ್ಯಾರನ್‌ಹೀಟ್’ ಎಂದು ಬರೆಯುವುದು ಓದುಗರಿಗೆ ಮೋಸ. ‘ಸುಮಾರು 1800’ ಎನ್ನಿ.

ದುಂಡು ಮಾಡುವುದರಲ್ಲಿ ದಿಕ್ಕು ಮುಖ್ಯ. ಪೂರ್ಣಾಂಕ ಸೆಲ್ಸಿಯಸ್ಸನ್ನು ಪೂರ್ಣಾಂಕ ಫ್ಯಾರನ್‌ಹೀಟ್ ಮಾಡಿ ವಾಪಸು ತಂದರೆ ಮೂಲ ಸಂಖ್ಯೆಯೇ ಸಿಗುತ್ತದೆ, ಏಕೆಂದರೆ ಫ್ಯಾರನ್‌ಹೀಟ್‌ನ ಗೆರೆಗಳು ಹೆಚ್ಚು ಒತ್ತಾಗಿವೆ. ಉಲ್ಟಾ ಹೋದರೆ ಹಾಗಲ್ಲ: 71 ಫ್ಯಾರನ್‌ಹೀಟ್ ಎಂದರೆ 21.67, ದುಂಡು ಮಾಡಿದರೆ 22; ವಾಪಸು ಬಂದಾಗ 71.6, ದುಂಡು ಮಾಡಿದರೆ 72. ಒಂದು ಡಿಗ್ರಿ ಎಲ್ಲಿಂದಲೋ ಬಂತು. ದಾಖಲೆ ಇಡುವವರು ಅಳೆದ ಮಾಪಕದಲ್ಲೇ ಮೂಲ ಸಂಖ್ಯೆಯನ್ನು ಉಳಿಸಿಕೊಂಡು, ತೋರಿಸುವಾಗ ಮಾತ್ರ ಬದಲಿಸುವುದು ಉತ್ತಮ.

ಬಲ್ಬಿನ ಡಬ್ಬಿಯ ಮೇಲಿನ 2700 ಕೆಲ್ವಿನ್, 6500 ಕೆಲ್ವಿನ್ ಎಂಬುದನ್ನು ಸೆಲ್ಸಿಯಸ್‌ಗೆ ಬದಲಿಸಲು ಹೋಗಬೇಡಿ. ಅದು ಬೆಳಕಿನ ಬಣ್ಣದ ಗುರುತು, ಎಲ್‌ಇಡಿ ಬಲ್ಬಿನ ಬಿಸಿಯಲ್ಲ.

ಪ್ರೋಗ್ರಾಂ ಬರೆಯುವವರಿಗೆ

ಸಿ, ಜಾವಾದಂಥ ಭಾಷೆಗಳಲ್ಲಿ 5 ಭಾಗಿಸು 9 ಎಂದು ಪೂರ್ಣಾಂಕಗಳಲ್ಲಿ ಬರೆದರೆ ಉತ್ತರ ಸೊನ್ನೆ; ದಶಮಾಂಶ ಕತ್ತರಿಸಿ ಹೋಗುತ್ತದೆ. ಆಮೇಲೆ ಯಾವ ಫ್ಯಾರನ್‌ಹೀಟ್ ಕೊಟ್ಟರೂ ಸೆಲ್ಸಿಯಸ್ 0 ಬರುತ್ತದೆ. ಇದರ ಜೋಡಿ ತಪ್ಪು ಇನ್ನೂ ಮೋಸದ್ದು: 9 ಭಾಗಿಸು 5 ಎಂದರೆ 1 ಬಂದು, 100 ಸೆಲ್ಸಿಯಸ್‌ಗೆ 132 ಎಂಬ ನಂಬುವಂತಿರುವ ಉತ್ತರ ಸಿಗುತ್ತದೆ. 5.0, 9.0 ಎಂದು ಬರೆದರೆ ಅಥವಾ ನೇರ 1.8 ಬಳಸಿದರೆ ತೀರಿತು. ಪೈಥಾನ್ 3ರಲ್ಲಿ ಸಾಮಾನ್ಯ ಭಾಗಾಕಾರ ದಶಮಾಂಶವನ್ನೇ ಕೊಡುವುದರಿಂದ ಈ ತೊಂದರೆ ಇಲ್ಲ.

ಪರೀಕ್ಷೆಗೆ ಬರೀ 0 ಕೊಟ್ಟು ನೋಡಿದರೆ ಸಾಲದು, ಏಕೆಂದರೆ ಗುಣಕ ಏನೇ ಇದ್ದರೂ 0ಕ್ಕೆ 32 ಬಂದೇ ಬರುತ್ತದೆ. 0, 100, 37 ಮತ್ತು −40, ಈ ನಾಲ್ಕನ್ನೂ ಕೊಟ್ಟು 32, 212, 98.6, −40 ಬರುತ್ತದೆಯೇ ನೋಡಿ. 98.6ರ ಜಾಗದಲ್ಲಿ ಕೊನೆಯಲ್ಲೆಲ್ಲೋ ಒಂದು ಚೂರು ಹೆಚ್ಚುಕಡಿಮೆ ಕಂಡರೆ ಅದು ಕಂಪ್ಯೂಟರ್ ದಶಮಾಂಶ ಇಟ್ಟುಕೊಳ್ಳುವ ರೀತಿ. ಸಮ ಎಂದು ಹೋಲಿಸುವ ಬದಲು ಅತಿ ಸಣ್ಣ ವ್ಯತ್ಯಾಸವನ್ನು ಒಪ್ಪಿಕೊಳ್ಳುವಂತೆ ಹೋಲಿಸಿ.

−273.15 ಸೆಲ್ಸಿಯಸ್ ಅಥವಾ −459.67 ಫ್ಯಾರನ್‌ಹೀಟ್‌ಗಿಂತ ಕೆಳಗಿನದು ಬಂದರೆ ಪ್ರೋಗ್ರಾಂ ಉತ್ತರ ಕೊಡದೆ ನಿರಾಕರಿಸಬೇಕು. ಆದರೆ ಈ ತಡೆ ಸ್ಥಾನಗಳಿಗಷ್ಟೇ. ಕುಲುಮೆಯೊಂದು 1000 ಡಿಗ್ರಿಯಿಂದ 700ಕ್ಕೆ ಇಳಿದರೆ ಬದಲಾವಣೆ −300 ಡಿಗ್ರಿ ಸೆಲ್ಸಿಯಸ್. ಅದು ಪೂರ್ತಿ ಸಾಧ್ಯವಾದ ಸಂಖ್ಯೆ, ಅದನ್ನು −540 ಎಂದು ಬದಲಿಸಬೇಕೇ ಹೊರತು ತಿರಸ್ಕರಿಸಬಾರದು. ಹಾಗಾಗಿ ಸ್ಥಾನಕ್ಕೊಂದು, ಅಂತರಕ್ಕೊಂದು, ಎರಡು ಬೇರೆ ಬೇರೆ ಫಂಕ್ಷನ್ ಬರೆದು, ಹೆಸರಿನಲ್ಲೇ ಯಾವುದು ಯಾವುದೆಂದು ತಿಳಿಯುವಂತೆ ಇಡಿ.